ಆಚೆ ಕಡಿ ಹಿಡೀರಿ

ಕಾಗಿಣಾ ನನ್ನ ಗಾಡೀನ ಎರಡು ದಿನ ಇಟಗೊಂಡಿತ್ತು.
ವಾಪಸ್ ಕೊಟ್ಟಾಗ ಎಂಜಿನ್ ಬಂತು, ಹಾರ್ನ್ ಬಂತು,
ಸೀಟಿನ ಸ್ಪಂಜಿನಾಗ ಒಂದು ಬೊಗಸಿ ಕೆಸರೂ ಬಂತು.
ಹಿಂದಿನ ಗಾಲಿ ಅಚ್ಚಿನ ನಟ್ಟು ಮಾತ್ರ
ಹೊಳಿ ಕಡೀನೇ ನಿಂತಬಿಟ್ಟಿತ್ತು.

ಸೇಡಂದಾಗ, ಚಿಂಚೋಳಿ ರೋಡಿಗೆ,
ಫರಸಿ ಹಾಸಿದ ಕಟ್ಟಿ ಮ್ಯಾಲೆ
ಲಾಡ್ಲೆಸಾಬ ಕುಕ್ಕರಗಾಲಿಲೆ ಕೂತು
ಹತ್ತೊಂಬತ್ತರ ಪಾನಾ ಹಚ್ಚಿದ.
ಪಾನಾ ಜಾರ್ತು. ಬೆರಳಿನ ಗೆಣ್ಣು ಸುಲೀತು.
ಗೆಣ್ಣು ಬಾಯಾಗಿಟಗೊಂಡೇ ನಟ್ಟಿಗೆ ಬೈದ,
ಉರ್ದುದಾಗ ಸುರು ಮಾಡಿ ಕನ್ನಡದಾಗ ಮುಗಿಸಿದ.

ಸೀಮೆಎಣ್ಣಿ ಹನಿಸಿದ.
ದೂರ ಹೋಗಿ ಒಂದು ಬೀಡಿ ಸೇದಿ ಬಂದ.
ಸುತ್ತಿಗಿಲೆ ಆರೂ ಮೂಲಿಗೆ ಸಣ್ಣಗ ಬಡದ,
ಕೂಸಿನ ಹಾಲುಹಲ್ಲು ಅಲ್ಲಾಡ್ತದೇನೋ ಅಂತ ಮುಟ್ಟಿ ನೋಡೋ ಹಂಗ.
ಪಾನಾಕ್ಕ ಮೂರು ಫೂಟಿನ ಪೈಪು ತುರುಕಿ
ಮೈಭಾರ ಎಲ್ಲಾ ಹಾಕಿದ.
ಗಾಡಿ ಸ್ಟ್ಯಾಂಡ್ ಸಮೇತ ಸರೀತು.
ನಟ್ಟು ಇಲ್ಲ.

"ಇದನ್ನ ಬಿಗಿ ಮಾಡ್ದಾಂವ
ಬಿಚ್ಚಾಂವ ಒಬ್ಬ ಇರ್ತಾನ ಅಂಬೋದೇ ಮರೆತಾನ," ಅಂದ.
"ಗ್ರೈಂಡರ್ ಹಚ್ಚಿದ್ರ ಎರಡು ಮಿನಿಟು, ಮೇಡಂ.
ಕೊಯ್ದು ಒಗೀತಿದ್ದೆ."

ನಾನು ಗ್ವಾಡಿ ಕಡಿ ನೋಡ್ಲಿಲ್ಲ.
ಗ್ವಾಡಿ ಮ್ಯಾಲೆ ಮೀಟ್ರ. ಮೀಟ್ರಿನ ಕೆಳಗ
ಫ್ಯೂಸ್ ಇಲ್ಲದ ಎರಡು ತೂತು.
ಎರಡು ಸಾವಿರದ ಮುನ್ನೂರಾ ನಲವತ್ತು ಬಾಕಿ,
ಹೋದ ತಿಂಗಳು ಬರದಾಕಿ ನಾನೇ.
ಲೈನ್‌ಮನ್‌ನ ಹಿಂದ ಕೂಡಿಸ್ಕೊಂಡು ಬಂದಾಕಿನೂ ನಾನೇ.
ಅವತ್ತು ಇದೇ ಗಾಡಿ
ಇದೇ ಬೇವಿನ ನೆಳ್ಳಾಗ ನಿಂತಿತ್ತು.

ಅವನಿಗೆ ನೆನಪದ.
ನನಗ ನೆನಪದ ಅಂಬೋದೂ ಅವನಿಗೆ ಗೊತ್ತದ.
ಇಬ್ಬರೂ ನಟ್ಟಿನ ಬಗ್ಗೇನೇ ಮಾತಾಡಿದ್ವಿ.

ಹುಡುಗ ಮೌನೇಶ ಟ್ಯೂಬ್ ತರ್ಲಿಕ್ಕೆ ಹೋದಾಂವ
ಇನ್ನೂ ಬಂದಿರ್ಲಿಲ್ಲ.
"ನೀವೇ ಆಚೆ ಕಡಿ ಹಿಡೀರಿ.
ಹಿಡೀಲಿಲ್ಲಂದ್ರ ನಟ್ಟಿನ ಸಂಗಟ ಅಚ್ಚೂ ತಿರುಗ್ತದ.
ದಿನಪೂರ್ತಿ ತಿರುವಿದ್ರೂ ಏನೂ ಬಿಚ್ಚಂಗಿಲ್ಲ."

ವೇಲು ಹಿಂದ ಗಂಟು ಹಾಕಿ, ಫರಸಿಗೆ ಮೊಣಕಾಲೂರಿ
ಇನ್ನೊಂದು ಪಾನಾ ಎರಡೂ ಕೈಲೆ ಹಿಡಕೊಂಡೆ.
ನಡುವ ಗಾಲಿ.
ಕಡ್ಡಿ ಸಂದ್ಯಾಗ ಅವನ ಮಾರಿ ತುಂಡು ತುಂಡು ಕಾಣ್ತಿತ್ತು,
ಒಂದು ಸಂದ್ಯಾಗ ಬಿಳಿ ಗಡ್ಡ, ಒಂದರಾಗ ಕಣ್ಣು.

"ಮೊದಲು ಬಿಗಿ ಮಾಡ್ತೀನಿ," ಅಂದ.
"ಬಿಚ್ಚಬೇಕಲ್ಲ?"
"ಹೌದ್ರಿ. ಒಂದು ಕೂದಲೆಳಿ ಅಷ್ಟೇ ಬಿಗಿ.
ನಾವು ಏನು ಮಾಡ್ಲಿಕತ್ತೀವಿ ಅಂತ
ಅದಕ್ಕ ಗೊತ್ತಾಗಬಾರ್ದು."

ಅವನ ಜೋರು ಅಚ್ಚಿನಾಗ ಹಾದು
ನನ್ನ ಮುಂಗೈಗೆ ಬಂತು,
ವೈರಿನಾಗ ಬರೋ ಹಂಗ.
ನಾನು ಬಿಡ್ಲಿಲ್ಲ. ಅವ ಉಲ್ಟಾ ತಿರುವಿದ.

ಟಕ್.

ಅಷ್ಟೇ. ಶೇಂಗಾ ಒಡದಷ್ಟು ಸಪ್ಪಳ.
ಆಮ್ಯಾಲೆ ಕಿರ್ರ್ ಅಂತ ಉದ್ದಕ,
ಕಂದು ಪುಡಿ ಉದುರಿಸ್ಕೋತ, ಹಟ ಮಾಡ್ಕೋತ,
ಕಡೀಗೆ ಬರೇ ಬೆರಳಿಲೇ ಬಂತು.

ಅಚ್ಚು ಎಳದ. ಹಬ್ಬಿನೊಳಗಿಂದ
ಒಂದು ಚಮಚೆ ಕಾಗಿಣಾ ಉಸುಕು, ಕರೀದು,
ಅದರಾಗ ಅಕ್ಕಿಕಾಳಿನಷ್ಟು ಒಂದು ಬಸವನಹುಳದ ಚಿಪ್ಪು.
ಉಗುರಿಲೆ ಎತ್ತಿ ನನ್ನ ಅಂಗೈಯಾಗ ಇಟ್ಟ.
"ನಿಮ್ಮ ಸಾಮಾನು."

ಹೊಸಾ ನಟ್ಟು, ಗ್ರೀಸು, ಕೂಲಿ ಸೇರಿ ನೂರಾ ಎಂಬತ್ತು.
ಇನ್ನೂರು ಕೊಟ್ಟೆ.
ಚಿಲ್ರಿ ಇರ್ಲಿ ಬಿಡ್ರಿ ಅಂದೆ.
ಡಬ್ಬಿ ಕೆದರಿ, ಬಾಜು ಚಾದ ಅಂಗಡಿಗೆ ಹೋಗಿ,
ಎರಡು ಹತ್ತರ ನೋಟು ತಂದು ಕೈಗೆ ಕೊಟ್ಟ.
"ಬಾಕಿ ಇಡಬಾರ್ದು, ಮೇಡಂ."

ಹೊರಡೋ ಮುಂದ ಕನ್ನಡ್ಯಾಗ ಮೀಟ್ರ ಕಾಣ್ತು.
ನಾಲ್ಕು ಸಾವಿರದ ನಾಲ್ನೂರಾ ಹದಿನೇಳು.
ನೋಡ್ಲಾರದೇ ಬರೀಬಹುದು.